ಎಡಮೂಲೆಗೆ ಕೊಟ್ಟ ಚೆಂಡು

ಇರುವೆಗೂ ಆನೆಗೂ ಬೀಗತನ ಇದ್ದ ಕಾಲದಲ್ಲಿ, ಊರಿಂದೂರಿಗೆ ನಡೆದು ಕುಸ್ತಿ ಹಿಡಿಯುವ ಇಬ್ಬರು ಪೈಲ್ವಾನರಿದ್ದರಂತೆ. ಈ ಊರಲ್ಲಿ ಇವನು ಬಿದ್ದರೆ ಮುಂದಿನ ಊರಲ್ಲಿ ಅವನು ಬೀಳಬೇಕು. ಬಂದ ತುಪ್ಪ ಬಾದಾಮಿಯಲ್ಲಿ ಇಬ್ಬರಿಗೂ ಸಮಪಾಲು. ಊರೂರೇ ಸಿಳ್ಳೆ ಹಾಕಿ ಮೋಸ ಹೋಯಿತು. ಕಡೆಗೆ ಒಂದೂರಿನಲ್ಲಿ, ಕಣದ ಪಕ್ಕ ಜೋಳ ಕೇರುತ್ತಿದ್ದ ಹುಡುಗಿಯೊಬ್ಬಳು ಮೊರ ಕೆಳಗಿಟ್ಟು, "ಇದು ಖರೇ ಕುಸ್ತಿ ಅಲ್ಲ" ಅಂದಳಂತೆ. ಹೇಗೆ ಗೊತ್ತಾಯಿತೆಂದು ಗೌಡ ಕೇಳಿದ. "ಬೀಳಬೇಕಂತ ಬೀಳೋನು ಬೀಳೋ ಜಾಗ ಮೊದಲ ನೋಡಿಕೊಂತಾನ. ಖರೇ ಬೀಳೋನಿಗೆ ಅಷ್ಟು ಪುರುಸೊತ್ತು ಎಲ್ಲೈತ್ರಿ?"

ಬಸಲಿಂಗಮ್ಮ ಈ ಕಥೆಯನ್ನು ಮೊಮ್ಮಗಳು ಗುರುಬಸಮ್ಮನಿಗೆ ಹೇಳುವಾಗ ಹುಡುಗಿಯ ಮೊರದಲ್ಲಿ ಒಮ್ಮೆ ಜೋಳ, ಒಮ್ಮೆ ಸಜ್ಜೆ, ಒಮ್ಮೆ ಶೇಂಗಾ ಇರುತ್ತಿತ್ತು. ಬೀಳುವ ಜಾಗದ ಮಾತು ಮಾತ್ರ ಯಾವತ್ತೂ ಬದಲಾಗಲಿಲ್ಲ. ಅದು ತನಗೇ ಒಂದು ದಿನ ಬೇಕಾದೀತೆಂದು ಗುರುಬಸಮ್ಮ ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಕನಸು ಕಾಣುವುದರಲ್ಲಿ ಆಕೆ ಕಡಿಮೆಯೇನೂ ಇರಲಿಲ್ಲ.

ಆದೋನಿ ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಕರ್ನೂಲಿಗೆ ಸೇರಿದ ಮರುವರ್ಷ ಅದು. ಗುರುಬಸಮ್ಮನ ಅಪ್ಪ ಮರಿಬಸಪ್ಪ ಹತ್ತಿ ವ್ಯಾಪಾರಿ. ಮನೆಯ ಹಿಂದಿನ ಗೋಡೆಗೆ ಹತ್ತಿಕೊಂಡೇ ವ್ಯಾಪಾರಿಗಳ ಕ್ಲಬ್ಬಿನ ಟೆನಿಸ್ ಕೋರ್ಟು. ಕೆಮ್ಮಣ್ಣು ಹಾಕಿ, ಕಲ್ಲಿನ ರೋಲರ್ ಎಳೆದು, ಸಗಣಿ ಸಾರಿಸಿದ ನೆಲ. ಜಾಗ ಮರಿಬಸಪ್ಪನದು. ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ ಕಾಯುವ ನೆಪದಲ್ಲಿ ಗುರುಬಸಮ್ಮ ಚಿಕ್ಕಂದಿನಿಂದ ಆ ಕೋರ್ಟು ನೋಡಿದ್ದಳು. ಹೊಡೆತಗಳಿಗೆ ತನ್ನದೇ ಹೆಸರಿಟ್ಟಿದ್ದಳು. ತಲೆಯ ಮೇಲಿಂದ ಕುಟ್ಟುವ ಸರ್ವಿಸ್ಸು ಒನಕೆ ಏಟು. ಚೆಂಡಿನ ಹೊಟ್ಟೆಯಡಿ ಕೊಯ್ದು, ನೆಲ ಮುಟ್ಟಿದ ಮೇಲೆ ಏಳದಂತೆ ಮಾಡುವುದು ಈಳಿಗೆ ಏಟು. ಮುಂದೆ ನುಗ್ಗಿಬಂದವನ ತಲೆಯ ಮೇಲೆ ಆಕಾಶಕ್ಕೆ ತೂರುವುದು ಮೊರದ ಏಟು.

ಈಳಿಗೆ ಏಟಿನಲ್ಲಿ ಓಬಳೇಶನನ್ನು ಮೀರಿಸುವವರಿರಲಿಲ್ಲ. ನಂದವರಂ ಕಡೆಯವನು, ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದ. ಅಂದರೆ ಮೆಂಬರುಗಳಿಗೆ ಆಟ ಕಲಿಸುವವ. ಆಮೇಲೆ ಮದರಾಸಿಗೆ ಹೋಗಿ ದುಡ್ಡಿಗೆ ಆಡುವ ಪ್ರೊಫೆಷನಲ್ ಆದ. ಈಗ ಸೆಲ್ವರಾಜ್ ಎಂಬ ಮದರಾಸಿನ ಆಟಗಾರನ ಜೊತೆ ಊರೂರು ತಿರುಗುತ್ತ, ಒಬ್ಬರ ಮೇಲೊಬ್ಬರು ಪಂದ್ಯ ಆಡುತ್ತ, ಆದೋನಿಗೆ ಬಂದಿದ್ದ. ಅವನ ಹಿಂದೆಯೇ ಗುಸುಗುಸುವೂ ಬಂದಿತ್ತು.

"ಬಳ್ಳಾರಿಯಾಗ ಸೆಲ್ವರಾಜ್ ಗೆದ್ದಾನಂತ, ರಾಯಚೂರಾಗ ಓಬಳೇಶ ಗೆದ್ದಾನಂತ," ಎಂದ ಮರಿಬಸಪ್ಪ, ಪಂದ್ಯದ ಹಿಂದಿನ ದಿನ ಊಟಕ್ಕೆ ಕೂತಾಗ. "ಇಲ್ಲಿ ಸೆಲ್ವರಾಜಂದು ಪಾಳಿ ಅಂತ ಬಜಾರದಾಗ ಆಡಿಕೊಳ್ಳಾಕ ಹತ್ಯಾರ. ರೊಕ್ಕಕ್ಕ ಆಡೋನು ರೊಕ್ಕಕ್ಕ ಸೋಲಂಗಿಲ್ಲೇನು? ಇಂಥ ನಾಟಕಕ್ಕ ನನ್ನ ಜಾಗ ಯಾಕ ಕೊಡ್ಲಿ. ಕೋರ್ಟು ಕಿತ್ತು ಹತ್ತಿ ಗೋದಾಮು ಕಟ್ಟತೀನಿ."

ಗುರುಬಸಮ್ಮನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಕೋರ್ಟು ಹೋದರೆ ಆ ಮಾಳಿಗೆಯ ಮೇಲೆ ಉಳಿಯುವುದು ಬರೀ ಮೆಣಸಿನಕಾಯಿ.

"ನಾಟಕ ಹೌದೋ ಅಲ್ಲೋ, ನೋಡಿ ಹೇಳೋರು ಯಾರರ ಅದಾರೇನು?" ಎಂದಳು ಬಸಲಿಂಗಮ್ಮ.

"ಕ್ಲಬ್ಬಿನಾಗ ಅರ್ಧ ಮಂದಿ ಅವನ ಕಡಿ, ಅರ್ಧ ಮಂದಿ ಇವನ ಕಡಿ. ನನಗ ಚೆಂಡು ಕಾಣ್ತೈತಿ, ಆಟ ಕಾಣಂಗಿಲ್ಲ."

"ನಿನ್ನ ಮಗಳನ್ನ ಕೇಳಪ್ಪ. ಮೆಣಸಿನಕಾಯಿ ಕಾಯಾಕ ಹೋದಾಕಿ ಇಷ್ಟು ವರ್ಷದಾಗ ಒಂದು ಗುಬ್ಬೀನೂ ಓಡಿಸಿಲ್ಲ."

ಮರಿಬಸಪ್ಪ ಮಗಳತ್ತ ನೋಡಿದ. "ನೀ ಅಲ್ಲಿ ಕಾಯಿ ಕಾಯ್ತಿ ಅಂತ ನಾನೇನು ನಂಬಿರಲಿಲ್ಲವ್ವ. ನಂಬಿದಾಂಗ ಇದ್ದೆ ಅಷ್ಟ." ರೊಟ್ಟಿ ಮುರಿಯುತ್ತ ಹೇಳಿದ: "ಸರಿ, ನೋಡಿ ಹೇಳು. ಆಟ ಮುಗದ ಮ್ಯಾಲೆ, ಲಿಂಗ ಮುಟ್ಟಿ. ಓಬಳೇಶ ನಮ್ಮ ಕ್ಲಬ್ಬಿನಾಂವ ಅಂತ ತಕ್ಕಡಿಗೆ ಬೆರಳು ಹಚ್ಚಬ್ಯಾಡ. ಸುಳ್ಳಾಟ ಅಂದಿ ಅಂದ್ರ ನಾಳೆನ ಬುನಾದಿ."

"ಹೇಳ್ತೀನಪ್ಪ," ಎಂದಳು ಗುರುಬಸಮ್ಮ.

ಮಾತು ಕೊಟ್ಟಾಗ ಅವಳಿಗೆ ಅಳುಕಿರಲಿಲ್ಲ. ಅಳುಕು ಹುಟ್ಟಿದ್ದು ಮರುದಿನ ಬೆಳಿಗ್ಗೆ. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಗ ಗೋಡೆಯಾಚೆ ಓಬಳೇಶನ ಸೋದರಮಾವ ಸುಂಕಣ್ಣನ ದನಿ ಕೇಳಿತು. ಕೋರ್ಟು ಸಾರಿಸಿ ರೋಲರ್ ಎಳೆಯುವವನು ಅವನೇ. ಅಳಿಯನ ಕೈಗೆ ಮೊದಲ ರ್‍ಯಾಕೆಟ್ ಕೊಟ್ಟವನೂ ಅವನೇ. ರೋಲರಿನ ಗಡಗಡ ಸದ್ದಿನ ನಡುವೆ ಅವಳ ಕಿವಿಗೆ ಬಿದ್ದದ್ದು ಇಷ್ಟು:

"ಫಸ್ಟ್ ಸೆಟ್ಟು ಪೂರಾ ಕೊಟ್ಟು..."

ಉಳಿದದ್ದನ್ನು ರೋಲರ್ ನುಂಗಿತು. ಓಬಳೇಶ "ಆಗಲಿ ಮಾವ" ಎಂದದ್ದು ಮಾತ್ರ ಸ್ಪಷ್ಟವಾಗಿ ಕೇಳಿತು. ಮೊದಲ ಸೆಟ್ಟು ಪೂರ್ತಿ ಕೊಟ್ಟು, ಆಮೇಲೆ ಏನು? ಎರಡನೆಯದನ್ನೂ ಕೊಡುವುದೇ? ಹಿಂಡಿದ ಸೀರೆಯನ್ನೇ ಮತ್ತೆ ಹಿಂಡುತ್ತ ಗುರುಬಸಮ್ಮ ನಿಂತಳು.

ಮಧ್ಯಾಹ್ನ ಬಿಸಿಲು ಇಳಿಯುವ ಹೊತ್ತಿಗೆ ಕೋರ್ಟಿನ ಸುತ್ತ ಬೆಂಚು, ಕುರ್ಚಿ, ಹೊಳಗುಂದದಿಂದ ಹತ್ತಿ ತಂದ ಬಂಡಿಗಳ ಮೇಲೂ ಜನ. ಮರಿಬಸಪ್ಪ ಮುಂದಿನ ಸಾಲಿನಲ್ಲಿ. ಬಸಲಿಂಗಮ್ಮನಿಗೆ ಕಣ್ಣು ಮಂಜಾಗಿದ್ದರೂ ಮೊಮ್ಮಗಳ ಭುಜ ಹಿಡಿದು ಮಾಳಿಗೆ ಹತ್ತಿ ಬಂದು, ಗೋಣಿತಾಟಿನ ಮೇಲೆ ಕೂತಳು. ಮೂರು ಸೆಟ್ಟಿನಲ್ಲಿ ಎರಡು ಗೆದ್ದವನು ಗೆದ್ದ ಹಾಗೆ ಎಂದು ಗುರುಬಸಮ್ಮ ಅವಳಿಗೆ ತಿಳಿಸಿದಳು. ಬೆಳಗಿನ ಮಾತನ್ನೂ ತಿಳಿಸಿದಳು.

"ಸುಂಕಣ್ಣನ ಮಾತೇನು? ಅವನ ಮಾತು ಕನ್ನಡದಾಗ ಬಂಡಿ ಹತ್ತಿ ತೆಲುಗಿನಾಗ ಇಳೀತೈತಿ," ಎಂದಳು ಮುದುಕಿ. "ನೀ ಕಣ್ಣಿಲೆ ನೋಡು."

ನೋಡಿದಷ್ಟೂ ಅನುಮಾನ ಬೆಳೆಯಿತು. ಸೆಲ್ವರಾಜ್ ತಾಳೆಮರದಂಥ ಆಳು. ಬಲಗೈಯವನು, ಬಲಮಗ್ಗುಲಿಗೆ ಬಂದ ಚೆಂಡನ್ನು ಚಾಟಿ ಬೀಸಿದಂತೆ ಬೀಸುವವನು. ಅಂಥವನಿಗೆ ಓಬಳೇಶ ಚೆಂಡೆಲ್ಲ ಬಲಕ್ಕೇ ಕಳಿಸುತ್ತಿದ್ದ, ಹಬ್ಬದೂಟಕ್ಕೆ ಕೂರಿಸಿ ಹೋಳಿಗೆ ಬಡಿಸಿದಂತೆ. ಸೆಲ್ವರಾಜ್ ಬೀಸಿದ, ಚೆಂಡು ಗೆರೆಯ ಮೇಲೆ ಬಿತ್ತು, ಬಂಡಿಯ ಮೇಲಿನವರು ಕೂಗಿದರು. ಈಳಿಗೆ ಏಟು ಒಂದೂ ಇಲ್ಲ.

"ಏನಾತು?"

"ಬಲಕ್ಕ ಕಳಿಸಿ ಹೊಡಿಸಿಕೊಂಡ, ಅಜ್ಜಿ."

"ಈಗೇನಾತು?"

"ಮತ್ತ ಅದ."

"ಎಲ್ಲಿ ನೋಡ್ತಾನ ಅವ?"

 ಅದನ್ನೇ ಗುರುಬಸಮ್ಮ ಹೇಳದೆ ಮುಚ್ಚಿಟ್ಟಿದ್ದಳು. ಪ್ರತಿ ಸಲ ಹೊಡೆಯುವ ಮೊದಲು ಓಬಳೇಶ ಎದುರಾಳಿಯ ಎಡಮೂಲೆಯನ್ನು ಒಮ್ಮೆ ನೋಡುತ್ತಿದ್ದ, ನೋಡಿ ಬಲಕ್ಕೆ ಹೊಡೆಯುತ್ತಿದ್ದ. ಎಲ್ಲಿ ಹೊಡೆದರೆ ಗೆಲ್ಲುತ್ತೇನೆಂದು ಬಲ್ಲವನೇ ಹುಷಾರಾಗಿ ಆ ಜಾಗ ತಪ್ಪಿಸುತ್ತಿದ್ದ ಹಾಗೆ. ಪೈಲ್ವಾನ ಬೀಳುವ ಜಾಗ ನೋಡಿಕೊಂಡಂತೆಯೇ.

"ಎಡಮೂಲಿ ನೋಡ್ತಾನ," ಎಂದಳು, ದನಿ ಇಳಿಸಿ.

 ಮೊದಲ ಸೆಟ್ಟು ಸೆಲ್ವರಾಜನದಾಯಿತು. ಕೆಳಗೆ ಮರಿಬಸಪ್ಪ ತಿರುಗಿ ಮಾಳಿಗೆಯತ್ತ ಒಮ್ಮೆ ನೋಡಿ, ಕೋರ್ಟಿನ ಉದ್ದಗಲವನ್ನು ಕಣ್ಣಲ್ಲೇ ಅಳೆದ. ಅವನಿಗಾಗಲೇ ಗೋದಾಮು ಕಾಣುತ್ತಿತ್ತು.

ಎರಡನೆಯ ಸೆಟ್ಟು ಶುರುವಾದಾಗ ಗುರುಬಸಮ್ಮ ಓಬಳೇಶನನ್ನು ನೋಡುವುದು ಬಿಟ್ಟು ಸೆಲ್ವರಾಜನನ್ನು ನೋಡಿದಳು. ಮೋಸವಾದರೆ ಇಬ್ಬರೂ ಪಾಲುದಾರರೇ ತಾನೇ. ಆಗ ಅವಳಿಗೆ ಅವನ ಎಡಗೈ ಕಂಡಿತು. ಆಟದ ಮೊದಲಿಗೆ ಆ ಎಡಗೈ ರ್‍ಯಾಕೆಟಿನ ಕತ್ತು ಹಿಡಿದಿರುತ್ತಿತ್ತು. ಎಡಕ್ಕೆ ಚೆಂಡು ಬಂದರೆ ಹಿಡಿಕೆಯನ್ನು ಬಲಗೈಯೊಳಗೆ ತಿರುವಿ ಕೊಡುವುದು ಅದರ ಕೆಲಸ. ಬಲಕ್ಕೆ ಒಂದು ಹಿಡಿತ, ಎಡಕ್ಕೆ ಇನ್ನೊಂದು. ಓಬಳೇಶ ಮೆಂಬರುಗಳಿಗೆ ಬಾಯಿ ನೋಯುವಷ್ಟು ಹೇಳುತ್ತಿದ್ದ ಪಾಠ ಅದು. ಈಗ ಸೆಲ್ವರಾಜನ ಎಡಗೈ ಅತ್ತೆಮನೆಗೆ ಬಂದ ಅಳಿಯನ ಹಾಗೆ ಕೆಲಸವಿಲ್ಲದೆ ಜೋತಾಡುತ್ತಿತ್ತು. ನಿಲ್ಲುವ ಜಾಗವೂ ಬಲಕ್ಕೆ ಸರಿದಿತ್ತು.

"ಅಜ್ಜಿ, ಅವನಿಗೆ ಹೋಳಿಗಿ ತಿನಿಸಿ ತಿನಿಸಿ ಕೈ ಜಡ್ಡು ಮಾಡ್ಯಾನ."

"ಯಾರು ಯಾರಿಗೆ?"

ಉತ್ತರಕ್ಕೆ ಮೊದಲೇ ಕೆಳಗಿನಿಂದ ಸುಂಕಣ್ಣನ ಗಂಟಲು ಎದ್ದಿತು. "ಎಡಕ್ಕ ಕೊಟ್ಟು! ಒರೇಯ್, ಈಗ ಎಡಕ್ಕ ಕೊಟ್ಟು!"

ಓಬಳೇಶ ಎದುರಾಳಿಯನ್ನು ಏಮಾರಿಸಲು ಬಲಮೂಲೆಯನ್ನು ನೋಡಿ, ಎಡಮೂಲೆಗೆ ಕೊಯ್ದ. ಈಳಿಗೆ ಏಟು. ಚೆಂಡು ನೆಲ ಮುಟ್ಟಿ ಏಳಲೇ ಇಲ್ಲ. ಹಿಡಿತ ತಿರುವಲು ಸೆಲ್ವರಾಜನ ಎಡಗೈ ಬಂತು, ತಡವಾಗಿ ಬಂತು. ಚೆಂಡು ಬಲೆಗೆ ಬಡಿದು ಸತ್ತಿತು.

ಗುರುಬಸಮ್ಮ ಗೋಡೆ ಹಿಡಿದುಕೊಂಡಳು. ಕೊಟ್ಟು. ಕನ್ನಡದ ಕೊಟ್ಟು ಅಲ್ಲ ಅದು. ತೆಲುಗಿನವರು ಹೊಡಿ ಅನ್ನುವುದನ್ನು ಕೊಟ್ಟು ಅನ್ನುತ್ತಾರೆ. ಮನೆಯಲ್ಲಿ ಕನ್ನಡ, ಬಜಾರದಲ್ಲಿ ತೆಲುಗು ಆಡಿ ಬೆಳೆದ ಅವಳು ಗೋಡೆಯಾಚೆಯ ಅರ್ಧ ಮಾತನ್ನು ಮನೆಯ ಕಿವಿಯಿಂದ ಕೇಳಿದ್ದಳು. ಫಸ್ಟ್ ಸೆಟ್ಟು ಪೂರಾ ಹೊಡಿ ಎಂದಿದ್ದ ಸುಂಕಣ್ಣ. ಎಲ್ಲಿಗೆ ಅನ್ನುವುದನ್ನು ರೋಲರ್ ನುಂಗಿತ್ತು.

ಬಸಲಿಂಗಮ್ಮ ಕುಳಿತಲ್ಲೇ ನಗತೊಡಗಿದಳು. "ನಾ ಹೇಳಿದ್ದಿಲ್ಲೇನು, ತೆಲುಗಿನಾಗ ಇಳೀತೈತಿ ಅಂತ."

ಗುರುಬಸಮ್ಮ ನಗಲಿಲ್ಲ. ಲಿಂಗ ಮುಟ್ಟಿ ಹೇಳಬೇಕಾದವಳು ಅವಳು. ಮಾತಿನ ಗಂಟು ಬಿಚ್ಚಿತು, ಆಟದ ಗಂಟು ಬಿಚ್ಚಿರಲಿಲ್ಲ. ಬಜಾರದ ಗುಸುಗುಸು ಇವರ ಕಿವಿಗೂ ಬಿದ್ದಿದ್ದರೆ? ಪಾಳಿ ಬದಲಿಸಿಕೊಂಡಿದ್ದರೆ? ತಡವಾಗಿ ಬಂದ ಎಡಗೈಯೂ ಬೇಕೆಂದೇ ತಡಮಾಡಿರಬಹುದು. ಎರಡನೆಯ ಸೆಟ್ಟು ಓಬಳೇಶನದಾದಾಗ ಅವಳ ಅನುಮಾನ ಅವನನ್ನು ಬಿಟ್ಟು ಸೆಲ್ವರಾಜನ ಬೆನ್ನು ಹತ್ತಿತ್ತು.

ಮೂರನೆಯದರಲ್ಲಿ ಸೆಲ್ವರಾಜ್ ಬುದ್ಧಿ ಬದಲಿಸಿದ. ಈಳಿಗೆ ಏಟು ನೆಲ ಮುಟ್ಟಲು ಬಿಡಬಾರದೆಂದು, ಒನಕೆ ಏಟು ಹಾಕಿದವನೇ ಬಲೆಯ ಹತ್ತಿರ ಓಡಿಬಂದು ಗಾಳಿಯಲ್ಲೇ ಚೆಂಡನ್ನು ತಡೆಯತೊಡಗಿದ. ಎಡಗೈ ಮತ್ತೆ ರ್‍ಯಾಕೆಟಿನ ಕತ್ತಿಗೆ ಬಂದಿತ್ತು. ಓಬಳೇಶ ಕಾಲಬುಡಕ್ಕೆ ಕೊಯ್ದ, ಸೆಲ್ವರಾಜ್ ಬಾಗಿ ಎತ್ತಿದ. ಒಬ್ಬರು ಮುಂದಾದರೆ ಮರುಗಳಿಗೆ ಇನ್ನೊಬ್ಬರು ಸಮ. ಮರಿಬಸಪ್ಪ ಗೋದಾಮು ಮರೆತು ಕುರ್ಚಿಯ ತುದಿಗೆ ಬಂದಿದ್ದ. ಗುರುಬಸಮ್ಮ ಮಾತ್ರ ರೆಪ್ಪೆ ಮಿಟುಕಿಸದೆ ಸೆಲ್ವರಾಜನ ಕಣ್ಣು ಎಲ್ಲಿ ಹೋಗುತ್ತದೆಂದು ನೋಡುತ್ತಿದ್ದಳು.

ಈಗ ಒಂದೇ ಪಾಯಿಂಟು ಬಂದರೆ ಆಟ ಓಬಳೇಶನದು. ಸೆಲ್ವರಾಜ್ ಮುಂದೆ ನುಗ್ಗಿದ. ಓಬಳೇಶ ಕೊಯ್ಯುವವನಂತೆ ಬಾಗಿ, ಕಡೆಯ ಗಳಿಗೆಯಲ್ಲಿ ಮಣಿಕಟ್ಟು ಎತ್ತಿ ಮೊರದ ಏಟು ತೂರಿದ. ಚೆಂಡು ಬೇವಿನ ಮರದೆತ್ತರಕ್ಕೆ ಹೋಯಿತು. ಸೆಲ್ವರಾಜ್ ತಿರುಗಿ ಓಡಿದ, ಮುಖ ಆಕಾಶಕ್ಕೆ, ಬಾಯಿ ತೆರೆದಿತ್ತು. ಗೆರೆಯಾಚೆ ಸುಂಕಣ್ಣ ಬಿಟ್ಟಿದ್ದ ರೋಲರ್ ಇತ್ತು. ಅವನು ಅದನ್ನು ನೋಡಲಿಲ್ಲ. ಕಾಲು ತಾಕಿ, ಕಂಬ ಉರುಳಿದಂತೆ ಮಗ್ಗುಲಾಗಿ ಬಿದ್ದ. ಬಿದ್ದಲ್ಲಿಂದಲೇ ಒಮ್ಮೆ ರ್‍ಯಾಕೆಟ್ ಬೀಸಿದ, ಗಾಳಿಗೆ. ಚೆಂಡು ಗೆರೆಯೊಳಗೆ ಬಿದ್ದು ಅವನ ತಲೆಯ ಮೇಲೆ ಹಾರಿಹೋಯಿತು.

ಬಂಡಿಗಳ ಮೇಲೆ ಗದ್ದಲವೆದ್ದಿತು. ಓಬಳೇಶ ಗೆದ್ದ ಖುಷಿಗೆ ನಿಲ್ಲದೆ ಬಲೆ ದಾಟಿ ಓಡಿ, ಸೆಲ್ವರಾಜನ ಕೈ ಹಿಡಿದೆತ್ತಿದ. ಮೊಣಕೈ ತರಚಿ, ಬಿಳಿ ಅಂಗಿಗೆಲ್ಲ ಕೆಮ್ಮಣ್ಣು ಮೆತ್ತಿತ್ತು.

"ಯಾರೋ ಬಿದ್ದಾಂಗಾತು," ಎಂದಳು ಬಸಲಿಂಗಮ್ಮ.

"ಸೆಲ್ವರಾಜ್ ಬಿದ್ದ, ಅಜ್ಜಿ."

"ಬೀಳೋ ಜಾಗ ನೋಡಿಕೊಂಡನೇನು?"

"ಇಲ್ಲ," ಎಂದಳು ಗುರುಬಸಮ್ಮ. 

ದೀಪ ಹಚ್ಚುವ ಹೊತ್ತಿಗೆ ಮರಿಬಸಪ್ಪ ಮನೆಗೆ ಬಂದು ಪಡಸಾಲೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದ. ಗುರುಬಸಮ್ಮ ಕೊರಳಿನ ಲಿಂಗ ಮುಟ್ಟಿಕೊಂಡು ಎದುರಿಗೆ ನಿಂತಳು.

"ಮಂದಿ ಬಾಯಿ ಇನ್ನೂ ಮುಚ್ಚಿಲ್ಲವ್ವ. ಪಾಳಿ ಬದಲಿ ಮಾಡಿಕೊಂಡಾರ ಅಂತಾರ. ಫಸ್ಟ್ ಸೆಟ್ಟು ಓಬಳೇಶ ಬೇಕಂತ ಕೊಟ್ಟ ಅಂತಾರ. ನನಗ ಒಂದು ಮಾತು ಸಾಕು. ಕೊಟ್ಟಾನೋ ಇಲ್ಲೋ?"

"ಕೊಟ್ಟಾನಪ್ಪ."

ಸುಣ್ಣ ಹಚ್ಚುತ್ತಿದ್ದ ಬೆರಳು ನಿಂತಿತು. ಒಳಮನೆಯಿಂದ ಬಸಲಿಂಗಮ್ಮನ ದನಿ ಬಂತು: "ಯಾವ ಭಾಷಿಯಾಗ ಕೊಟ್ಟಾನ, ಅದನ್ನೂ ಹೇಳಿಬಿಡವ್ವ."

"ತೆಲುಗಿನಾಗ ಕೊಟ್ಟಾನ," ಎಂದಳು ಗುರುಬಸಮ್ಮ. "ಬಲಕ್ಕ ಕೊಟ್ಟು ಕೊಟ್ಟು ಅವನ ಎಡಗೈ ಮಲಗಿಸಿದ, ಆಮ್ಯಾಲೆ ಎಡಕ್ಕ ಕೊಟ್ಟ. ಸೋತಾಂವ ಬೀಳೋ ಜಾಗ ನೋಡದ ಬಿದ್ದಾನ. ಲಿಂಗ ಮುಟ್ಟಿ ಹೇಳ್ತೀನಪ್ಪ, ಆಟ ಖರೇ ಐತಿ."