ಇಳಿಜಾರಿನಲ್ಲಿ ಆಡಿದ ಮಾತು

ಊರಿನಲ್ಲಿ ಕಾರು ಓಡಿಸಬಲ್ಲವರಲ್ಲಿ ಅರ್ಧಕ್ಕರ್ಧ ಜನ ಮೇಷ್ಟ್ರಿಂದ ಬೈಗುಳ ತಿಂದೇ ಕಲಿತವರು. ಡ್ರೈವಿಂಗ್ ಸ್ಕೂಲಿನ ಬಿಳಿ ಕಾರಿನಲ್ಲಿ ಎಡಗಡೆ ಕೂತು, ತಮ್ಮ ಕಾಲಬುಡದಲ್ಲಿ ಹಾಕಿಸಿಕೊಂಡಿದ್ದ ಇನ್ನೊಂದು ಬ್ರೇಕಿನ ಮೇಲೆ ಕಾಲಿಟ್ಟು ಅವರು ಪಾಠ ಮಾಡುತ್ತಿದ್ದರು. ಬ್ರೇಕ್ ಅಂದರೆ ಬ್ರೇಕ್. ಮೊದಲು ತುಳಿ, ಆಮೇಲೆ ಬೇಕಾದರೆ ಯಾಕೆ ಅಂತ ಕೇಳು. ಈ ಒಂದು ಮಾತನ್ನು ಅವರು ಶಿಷ್ಯರ ತಲೆಗೆ ಎಷ್ಟು ತುಂಬಿದ್ದರೆಂದರೆ, ಬಸ್ ಸ್ಟ್ಯಾಂಡಿನಲ್ಲಿ ಅವರು ಕೆಮ್ಮಿದರೂ ಹಳೇ ಶಿಷ್ಯರ ಬಲಗಾಲು ಸುಮ್ಮನಿರುತ್ತಿರಲಿಲ್ಲ ಎಂದು ಜನ ತಮಾಷೆ ಮಾಡುತ್ತಿದ್ದರು.

ಮೇಷ್ಟ್ರ ಮಗಳೂ ಅವರಿಂದಲೇ ಕಲಿತವಳು. ದೊಡ್ಡಾಸ್ಪತ್ರೆಯಲ್ಲಿ ನರ್ಸು. ಬೆಟ್ಟದಾಚೆ ರಸ್ತೆಯೇ ಇಲ್ಲದ ಕಡೆ ಓಡಾಡುವ ಆರೋಗ್ಯ ಘಟಕವೊಂದಿತ್ತು. ಫೋರ್ ವೀಲ್ ಡ್ರೈವ್ ಗಾಡಿಯನ್ನು ತಾನೇ ಓಡಿಸಿಕೊಂಡು ಹೋಗಬಲ್ಲ ನರ್ಸು ಅಲ್ಲಿಗೆ ಬೇಕಾಗಿದ್ದಳು. ಈ ಕೆಲಸದ ಮೇಲೆ ಮಗಳ ಕಣ್ಣು ಬಿದ್ದು ಎಷ್ಟೋ ಕಾಲವಾಗಿತ್ತು. ಬೇರೆಯವರು ವಾರ್ಡಿನ ಡ್ಯೂಟಿ ಬದಲಾಯಿಸಿಕೊಳ್ಳಲು ಜಗಳವಾಡುತ್ತಿದ್ದರೆ, ಇವಳು ಬಿಡುವಿನಲ್ಲಿ ಆ ಬೆಟ್ಟದ ನಕ್ಷೆ ನೋಡುತ್ತ ಕೂರುತ್ತಿದ್ದಳು. ಘಟಕದವರದು ಒಂದೇ ಷರತ್ತು: ಹಳೇ ಕಲ್ಲುಕ್ವಾರಿಯಲ್ಲಿ ನಡೆಯುವ ತರಬೇತಿಯಲ್ಲಿ ಪಾಸಾಗಬೇಕು. ಅಲ್ಲಿಗೆ ಜೋಡಿಯಾಗಿಯೇ ಬರಬೇಕು, ಒಬ್ಬರೇ ಬೆಟ್ಟ ಹತ್ತುವುದು ಯಾರಿಗೂ ನಿಷಿದ್ಧ.

"ಅಪ್ಪ, ಜೊತೆಗೊಬ್ಬರು ಬೇಕಂತೆ. ನೀನೇ ಬಾ," ಎಂದಳು ಮಗಳು.

"ಮಣ್ಣಲ್ಲಿ ಗಾಡಿ ಓಡ್ಸೋಕೂ ಪಾಠನಾ? ನಾಲ್ಕು ಚಕ್ರಾನೂ ತಿರುಗುತ್ತೆ, ಹೋಗ್ತಾ ಇರೋದು."

"ಹೋಗ್ಬನ್ನಿ," ಎಂದರು ಅಡುಗೆಮನೆಯಿಂದ ಮೇಷ್ಟ್ರ ಹೆಂಡತಿ. "ಭಾನುವಾರ ಪೂರ್ತಿ ನನ್ನ ಹಿಂದೆ ನಿಂತ್ಕೊಂಡು ಒಲೆ ಸಣ್ಣ ಮಾಡು, ದೊಡ್ಡ ಮಾಡು ಅನ್ನೋದಾದ್ರೂ ತಪ್ಪುತ್ತೆ."

ಕ್ವಾರಿಯ ತರಬೇತುದಾರಳಿಗೆ ಬಂಡೆ ಮೇಡಂ ಎಂದೇ ಹೆಸರು. ಗಣಿಗಳಲ್ಲಿ ದೊಡ್ಡ ಲಾರಿ ಓಡಿಸಿ ಬಂದ ಹೆಂಗಸು. ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಮೊದಲ ದಿನ ಆಕೆ ಮಾಡಿದ ಮೊದಲ ಕೆಲಸವೆಂದರೆ ನಾಲ್ಕೂ ಟೈರಿನ ಗಾಳಿ ಅರ್ಧಕ್ಕಿಳಿಸಿದ್ದು. ಟೈರಿನ ಗಾಳಿ ಸರಿಯಿಲ್ಲದಿದ್ದರೆ ಶಿಷ್ಯರನ್ನು ಕಾರು ಮುಟ್ಟಲೂ ಬಿಡದ ಮೇಷ್ಟ್ರಿಗೆ ಇದನ್ನು ನೋಡಿ ನಗುವುದೋ ಅಳುವುದೋ ತಿಳಿಯಲಿಲ್ಲ. ಮೆತ್ತಗಾದ ಟೈರು ಅಗಲವಾಗಿ ಹರಡಿಕೊಂಡು ನೆಲವನ್ನು ಹಿಡಿಯುತ್ತದೆ ಎಂದು ಮೇಡಂ ಹೇಳಿದರು. ಸ್ಟೀರಿಂಗಿನ ಒಳಗೆ ಹೆಬ್ಬೆರಳು ತೂರಿಸಬೇಡಿ ಎಂದೂ ಹೇಳಿದರು. ಮೇಷ್ಟ್ರು ತೂರಿಸಿದರು. ಚಕ್ರ ಒಂದು ಕಲ್ಲಿಗೆ ಬಡಿದು ಸ್ಟೀರಿಂಗ್ ತಾನೇ ಗಿರ್ರನೆ ತಿರುಗಿದಾಗ ಹೆಬ್ಬೆರಳು ಊದಿಕೊಂಡಿತು. ಆಮೇಲೆ ಮರಳಿನಲ್ಲಿ ಸಿಕ್ಕಿಕೊಂಡು, ಹಟಕ್ಕೆ ಬಿದ್ದು ಆಕ್ಸಿಲರೇಟರ್ ತುಳಿದೂ ತುಳಿದೂ ಗಾಡಿಯನ್ನು ಹೊಟ್ಟೆಯವರೆಗೂ ಹೂತುಬಿಟ್ಟರು.

ಮಗಳು ಸಲಿಕೆ ಹಿಡಿದು ಮರಳು ತೆಗೆಯುತ್ತ ನಕ್ಕಳು. "ಅಪ್ಪ, ಗಾಡಿ ನೆಟ್ಟುಬಿಟ್ಟೆಯಲ್ಲ. ಇನ್ನು ನೀರು ಹಾಕ್ತಾ ಬಾ, ಮರಿ ಗಾಡಿ ಬಿಡುತ್ತೆ."

ಮಗಳ ಸರದಿ ಬಂದಾಗ ಅವಳು ಮೊದಲು ಕೆಳಗಿಳಿದಳು. ದಾರಿಯನ್ನು ನಡೆದು ನೋಡಿದಳು, ಯಾವ ಕಲ್ಲು ಅಲ್ಲಾಡುತ್ತದೆಂದು ಕಾಲಿನಿಂದ ಒತ್ತಿ ತಿಳಿದುಕೊಂಡಳು. ಆಮೇಲೆ ಲೋ ಗೇರಿಗೆ ಹಾಕಿ ಇರುವೆ ನಡೆದಂತೆ ಗಾಡಿಯನ್ನು ಆಚೆ ದಾಟಿಸಿದಳು.

"ಇವರ ಕಾಲಲ್ಲಿ ಆತುರ ಇಲ್ಲ," ಎಂದರು ಮೇಡಂ.

"ನಾನೇ ಕಲಿಸಿದ್ದು," ಎಂದರು ಮೇಷ್ಟ್ರು.

"ನೀವು ರಸ್ತೆ ಕಲಿಸಿದ್ದೀರಿ. ಇಲ್ಲಿ ಅದನ್ನ ಸ್ವಲ್ಪ ಮರೀಬೇಕಾಗುತ್ತೆ."

ಆ ಮಾತು ಮೇಷ್ಟ್ರಿಗೆ ಚುಚ್ಚಿತು. ಮಗಳ ಬಗ್ಗೆ ಹೆಮ್ಮೆ ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. ಆದರೆ ವಾರವಾರವೂ ಅವಳು ಬಂಡೆ ಮೇಡಂ ಹೇಳಿದ್ದಕ್ಕೆ ತಲೆಯಾಡಿಸುವುದು, ಮನೆಗೆ ಬರುವ ದಾರಿಯಲ್ಲೂ ಮೇಡಂ ಹಾಗಂದರು, ಮೇಡಂ ಹೀಗಂದರು ಎನ್ನುವುದು ಕೇಳಿ ಕೇಳಿ ಅವರ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತು. ಮಗಳ ಮೇಲೆ ಹೊಟ್ಟೆಕಿಚ್ಚು ಪಡುವ ಅಪ್ಪ ಎಲ್ಲಾದರೂ ಇರುತ್ತಾನೆಯೇ ಎಂದು ಯಾರಾದರೂ ಕೇಳಿದ್ದರೆ ಅವರೇ ಮೊದಲು ಮೂಗು ಮುರಿಯುತ್ತಿದ್ದರು.

ಪರೀಕ್ಷೆಯ ದಿನ ಉಳಿದೆಲ್ಲ ಸಲೀಸಾಗಿ ಮುಗಿದು ಕಡಿದಾದ ಇಳಿಜಾರೊಂದು ಉಳಿಯಿತು. ಮೇಲೆಲ್ಲ ಸಡಿಲ ಜಲ್ಲಿ. ಮೇಡಂ ಇಬ್ಬರಿಗೂ ಇನ್ನೊಮ್ಮೆ ಹೇಳಿದರು: "ಲೋ ಗೇರಲ್ಲಿ ಇಂಜಿನ್ನೇ ಗಾಡೀನ ಹಿಡ್ಕೊಂಡಿರುತ್ತೆ. ಬ್ರೇಕ್ ಮುಟ್ಟಬೇಡಿ. ಜಾರಿದ ಹಾಗನ್ನಿಸಿದ್ರೆ ಆಕ್ಸಿಲರೇಟರ್ ಒಂಚೂರು ಕೊಡಿ, ಚಕ್ರಕ್ಕೆ ಹಿಡಿತ ಬರುತ್ತೆ. ಲೆಕ್ಕ ತಪ್ಪಿದ್ರೆ ಇನ್ನೊಂದು ಸಲ ಬಿಡ್ತೀನಿ. ಆದರೆ ಗಾಬರಿಗೆ ಬ್ರೇಕ್ ತುಳಿದವರನ್ನ ಪಾಸು ಮಾಡಲ್ಲ. ಬೆಟ್ಟದಲ್ಲಿ ಗಾಡಿ ಹಿಂದುಗಡೆ ರೋಗಿ ಮಲಗಿರ್ತಾರೆ." ಇಷ್ಟು ಹೇಳಿ ಆಕೆ ಇಳಿಜಾರಿನ ಬುಡಕ್ಕೆ ಹೋಗಿ ನಿಂತರು.

ಮಗಳು ಎರಡೂ ಪಾದಗಳನ್ನು ಪೆಡಲಿನಿಂದ ಈಚೆ ತೆಗೆದು ನೆಲಕ್ಕಿಟ್ಟಳು. ಗಾಡಿ ಮೂಗು ತಗ್ಗಿಸಿತು. ಎದುರಿನ ಗಾಜಿನಲ್ಲಿ ಆಕಾಶ ಹೋಗಿ ಬರೀ ಜಲ್ಲಿ ಕಂಡಿತು. ಇಂಜಿನ್ ಗುರ್‍ರೆನ್ನುತ್ತ ಗಾಡಿಯನ್ನು ನಿಧಾನವಾಗಿ ಇಳಿಸುತ್ತಿತ್ತು. ಅರ್ಧ ಇಳಿದಾಗ ಹಿಂಭಾಗ ಸ್ವಲ್ಪ ಪಕ್ಕಕ್ಕೆ ಜಾರಿತು. ಮಗಳ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಅವಳ ಬಲಪಾದ ಮೆಲ್ಲಗೆ ಆಕ್ಸಿಲರೇಟರಿನ ಕಡೆ ಹೋಗುತ್ತಿದ್ದುದನ್ನು ಪಕ್ಕದಲ್ಲಿ ಕೂತಿದ್ದ ಮೇಷ್ಟ್ರು ಕಣ್ಣಾರೆ ಕಂಡರು. ಕಂಡೂ, ತಮ್ಮ ಪಾಠದ ದನಿಯಲ್ಲಿ, "ಬ್ರೇಕ್" ಎಂದು ಗದರಿದರು.

ಪಾದ ಅಲ್ಲೇ ಹೊರಳಿ ಬ್ರೇಕಿನ ಮೇಲೆ ಬಿತ್ತು. ನಾಲ್ಕೂ ಚಕ್ರ ಬಿಗಿದುಕೊಂಡವು. ಗಾಡಿ ಜಲ್ಲಿಯ ಮೇಲೆ ಅಡ್ಡಡ್ಡಲಾಗಿ ಜಾರುತ್ತ ಹೋಗಿ ಬದಿಯ ಮಣ್ಣುದಿಬ್ಬಕ್ಕೆ ಗುದ್ದಿ ನಿಂತಿತು. ಇಬ್ಬರಿಗೂ ಏನೂ ಆಗಲಿಲ್ಲ. ಒಂದು ಬಾಗಿಲು ನೆಗ್ಗಿತು, ಅಷ್ಟೇ.

ಮೇಡಂ ಏದುಸಿರು ಬಿಡುತ್ತ ಹತ್ತಿ ಬಂದರು. ಪೆಟ್ಟಾಗಿಲ್ಲ ಎಂದು ಖಚಿತ ಮಾಡಿಕೊಂಡು ಇಬ್ಬರ ಮುಖವನ್ನೂ ನೋಡಿದರು. "ಬ್ರೇಕ್ ಯಾಕೆ ಬಿತ್ತು?"

ನಾನು ಹೇಳಿದೆ, ಎಂದು ಮೇಷ್ಟ್ರು ಅಂದಿದ್ದರೆ ಮುಗಿಯುತ್ತಿತ್ತು. ಎರಡೇ ಮಾತು. ಊರಿಗೆಲ್ಲ ಡ್ರೈವಿಂಗ್ ಕಲಿಸಿದವನು ಬ್ರೇಕ್ ಹಾಕಬಾರದ ಕಡೆ ಹಾಕಿಸಿದ ಎಂದು ಈ ಹೆಂಗಸಿನ ಮುಂದೆ ಒಪ್ಪಿಕೊಳ್ಳಲು ನಾಲಿಗೆ ಹೊರಳಲಿಲ್ಲ. ಮಗಳು ಒಂದು ಗಳಿಗೆ ಅಪ್ಪನ ಕಡೆ ನೋಡಿದಳು.

"ಹೆದರಿಬಿಟ್ಟೆ ಮೇಡಂ," ಎಂದಳು.

ಮೇಡಂ ಕಿಟಕಿಗೆ ಕೈಯೂರಿಕೊಂಡು ಮೇಷ್ಟ್ರನ್ನೇ ನೋಡುತ್ತ ನಿಂತರು. ಮೇಷ್ಟ್ರು ನೆಗ್ಗಿದ ಬಾಗಿಲನ್ನು ನೋಡುತ್ತ ಕೂತರು. ಕೊನೆಗೆ ಮೇಡಂ, "ಈ ಸಲ ಆಗಲ್ಲಮ್ಮ," ಎಂದು ಕೆಳಗಿಳಿದು ಹೋದರು.

ಮನೆಗೆ ಬರುವ ದಾರಿಯಲ್ಲಿ ಮಗಳು ಆಸ್ಪತ್ರೆಯ ಲಿಫ್ಟು ಕೆಟ್ಟಿದ್ದರ ಬಗ್ಗೆ ಮಾತಾಡಿದಳು. ಅವಳು ರೇಗಿದ್ದರೆ, ಅತ್ತಿದ್ದರೆ, ನಿನ್ನಿಂದಲೇ ಎಲ್ಲಾ ಹಾಳಾಯ್ತು ಅಂದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರಾಗುತ್ತಿತ್ತು. ಬೆಟ್ಟದ ಕೆಲಸ ಇನ್ನೊಬ್ಬ ನರ್ಸಿಗೆ ಹೋಯಿತು. ಆ ಸುದ್ದಿ ಬಂದ ದಿನ ಮಗಳು ನಕ್ಷೆಯನ್ನು ಮಡಚಿ ಬೀರುವಿನ ಮೇಲಿಟ್ಟು, ಎಂದಿನಂತೆ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿಕೊಂಡಳು.

ಮೇಷ್ಟ್ರಿಗೆ ಅನ್ನ ಸೇರದಾಯಿತು. ಭಯದಲ್ಲಿ ಬಾಯಿಂದ ಬಂದುಬಿಟ್ಟಿತು ಎಂದು ತಮಗೆ ತಾವೇ ಹೇಳಿಕೊಂಡರು. ಆದರೆ ಅವಳ ಪಾದ ಸರಿಯಾದ ಕಡೆಗೇ ಹೋಗುತ್ತಿದ್ದುದನ್ನು ಕಂಡಿದ್ದರಲ್ಲ. ಅದು ಸರಿಯೆಂದು ಆ ಕ್ಷಣದಲ್ಲೂ ಅವರಿಗೆ ಗೊತ್ತಿತ್ತು. ಅವಳು ತಮ್ಮ ಮಾತು ಈಗಲೂ ಕೇಳುತ್ತಾಳೋ ಇಲ್ಲವೋ, ಅಷ್ಟು ನೋಡಬೇಕಿತ್ತು ಅವರಿಗೆ. ಕೇಳಿದಳು.

ತಡೆಯಲಾರದೆ ಒಂದು ದಿನ ಒಬ್ಬರೇ ಕ್ವಾರಿಗೆ ಹೋದರು. ಮೇಡಂ ಟೈರಿಗೆ ಗಾಳಿ ತುಂಬುತ್ತಿದ್ದರು.

"ಬ್ರೇಕ್ ಹಾಕು ಅಂದಿದ್ದು ನಾನು," ಎಂದರು ಮೇಷ್ಟ್ರು. "ಅವಳು ಹೆದರಿರಲಿಲ್ಲ."

ಮೇಡಂ ಪಂಪನ್ನು ನಿಲ್ಲಿಸಿದರು. "ಗೊತ್ತು. ನಿಮ್ಮ ದನಿ ನನಗೆ ಕೆಳಗಡೆಗೇ ಕೇಳಿಸಿತ್ತು."

"ಮತ್ತೆ ಅವಳನ್ನ ಯಾಕೆ ಫೇಲ್ ಮಾಡಿದ್ರಿ?"

"ಇನ್ನೊಬ್ಬರ ತಪ್ಪನ್ನ ತನ್ನ ಮೇಲೆ ಹಾಕ್ಕೊಂಡು ಸುಳ್ಳು ಹೇಳೋರನ್ನ ಬೆಟ್ಟಕ್ಕೆ ಹೇಗೆ ಕಳಿಸಲಿ, ಹೇಳಿ. ಅಲ್ಲಿ ಏನಾಯ್ತು ಅಂತ ನಿಜ ಗೊತ್ತಾಗದೆ ಇದ್ರೆ ಜೀವ ಹೋಗುತ್ತೆ." ಪಂಪಿನ ಕೊಳವೆ ಕೆಳಗಿಟ್ಟು, "ನೀವು ಬಾಯಿ ಬಿಡ್ತೀರಿ ಅಂತ ಕಾದೆ ಮೇಷ್ಟ್ರೇ. ನೀವು ನಿಜ ಹೇಳಿದ್ರೆ ಅವರು ಸುಳ್ಳು ಹೇಳೋ ಪಾಡೇ ಇರ್ತಿರಲಿಲ್ಲ. ಅವತ್ತೇ ಇನ್ನೊಂದು ಸಲ ಇಳಿಸ್ತಿದ್ದೆ. ಅವರು ಇಳೀತಿದ್ರು," ಎಂದರು.

ಸಂಜೆ ಮಗಳು ಅಡುಗೆಮನೆಯ ಮೇಜಿನ ಮುಂದೆ ಕೂತು ಟೀ ಕುಡಿಯುತ್ತಿದ್ದಳು. ಮೇಷ್ಟ್ರು ಎದುರು ಕೂತು ಕ್ವಾರಿಗೆ ಹೋಗಿ ಬಂದದ್ದನ್ನು ಹೇಳಿದರು. ತಾವು ಆವತ್ತು ಸುಮ್ಮನಿದ್ದದ್ದು ದೊಡ್ಡ ತಪ್ಪು ಎಂದೂ ಹೇಳಿದರು. ಮಗಳು ಹುಟ್ಟಿದಾಗಿನಿಂದ ಅವಳ ಮುಂದೆ ಅವರು ತಪ್ಪೊಪ್ಪಿಕೊಂಡದ್ದು ಅದೇ ಮೊದಲು. ಮಗಳು ಲೋಟದ ಅಂಚನ್ನು ಬೆರಳಿಂದ ಸವರುತ್ತ ಕೇಳಿಸಿಕೊಂಡಳು.

"ಹೋಗ್ಲಿ ಬಿಡು," ಎಂದಳು. "ಕ್ವಾರಿಯ ಮುಂದಿನ ತಂಡಕ್ಕೆ ಹೆಸರು ಕೊಟ್ಟಿದ್ದೀನಿ. ನಮ್ಮ ಫಾರ್ಮಸಿಯವಳು ಜೊತೆಗೆ ಬರ್ತಾಳೆ. ಯಾವತ್ತಾದರೂ ಕೆಲಸ ಖಾಲಿಯಾದ್ರೆ ನೋಡೋಣ."

ಮೇಷ್ಟ್ರ ಮುಖ ಅರಳಿತು. "ನಾನೂ ಬರ್ಲಾ? ಗಾಡಿ ಹತ್ತಲ್ಲ. ಕೆಳಗಡೆ ದೂರದಲ್ಲಿ ನಿಂತ್ಕೋತೀನಿ. ತುಟಿ ಪಿಟಿಕ್ ಅನ್ನಲ್ಲ."

"ಬೇಡ ಅಪ್ಪ."

"ನಿಜವಾಗ್ಲೂ ಏನೂ ಮಾತಾಡಲ್ಲ ಕಣೆ."

ಮಗಳ ದನಿಯಲ್ಲಿ ಸಿಟ್ಟಿರಲಿಲ್ಲ. ರೋಗಿಗಳ ಜೊತೆ ಮಾತಾಡುವಾಗಿನ ಮೆದುತನದಲ್ಲೇ ಹೇಳಿದಳು: "ನೀನು ಮಾತಾಡದೇ ಇದ್ರೂ ನನಗೆ ಕೇಳಿಸುತ್ತೆ ಅಪ್ಪ. ಅದು ಕೇಳಿಸದ ಹಾಗೆ ಇಳಿಯೋದನ್ನ ಕಲೀಬೇಕು ನಾನು."