ಎರಡನೆಯ ತೂಕ

ಮೂರನೆಯ ಮೂಟೆಯ ಹೊಲಿಗೆಯನ್ನು ರೇಣುಕಯ್ಯ ಕುಡುಗೋಲಿನಿಂದ ಸೀಳಿದ. ಕಲ್ಲುಪ್ಪು ಸರಸರನೆ ಸಮಾಧಿಯ ಗುಂಡಿಗೆ ಇಳಿಯಿತು. ಒಳಗೆ ಪರ್ವತಯ್ಯ ಮೇಷ್ಟ್ರು ಪದ್ಮಾಸನದಲ್ಲಿ ಕುಳಿತಿದ್ದರು. ಹಣೆ ತುಂಬ ವಿಭೂತಿ, ಎಡಗೈಯಲ್ಲಿ ಇಷ್ಟಲಿಂಗ. ಉಪ್ಪು ಆಗಲೇ ಸೊಂಟ ಮುಟ್ಟಿತ್ತು.

“ಊರ ಮಕ್ಕಳ ಕೈಲೆಲ್ಲ ಉಪ್ಪು ಕರಗ್ಸಿದ್ರು. ಈಗ ನೋಡು, ಅದ್ರಲ್ಲೇ ಕೂತವ್ರೆ,” ಎಂದ ರೇಣುಕಯ್ಯ. ಯಾರೋ ನಗಲು ಹೋಗಿ ಕೆಮ್ಮಿದರು.

ಮೇಷ್ಟ್ರ ಮಗಳು ಲೋಹಿತಾಳ ಕಿವಿಯಲ್ಲಿದ್ದದ್ದು ಬೇರೆ ಮಾತು. ನಿನ್ನೆ ಬೆಳಗ್ಗೆ, ಜ್ವರದ ಮಂಪರಿನಲ್ಲಿ ಅಪ್ಪ ಕಣ್ಣು ತೆರೆದು ಕೇಳಿದ್ದರು: “ಎರಡನೇ ಸಲ ತೂಗಿದ್ಯೇನವ್ವ?”

“ತೂಗಿದೆ ಅಪ್ಪಾ. ಎರಡು ಸಲಾನೂ ಒಂದೇ ತೂಕ ಬಂತು,” ಎಂದಿದ್ದಳು. ಅವರು ಗೋಡೆಯ ಕಡೆಗೆ ಹೊರಳಿದ್ದರು. ಮತ್ತೆ ಈಚೆಗೆ ತಿರುಗಲಿಲ್ಲ.

*

ಲೋಹಿತಾಳ ಹತ್ತನೇ ಕ್ಲಾಸಿಗೆ ಅಪ್ಪನೇ ವಿಜ್ಞಾನದ ಮೇಷ್ಟ್ರು. ನೀರಿಗೆ ಇನ್ನು ಕರಗದು ಎನ್ನುವಷ್ಟು ಉಪ್ಪು ಹಾಕಿ, ಮೇಲಿನ ತಿಳಿಯನ್ನು ತೂಗಿ, ತಟ್ಟೆಯಲ್ಲಿ ಬತ್ತಿಸಿ, ಉಳಿದ ಉಪ್ಪನ್ನು ತೂಗಬೇಕು. ನೂರು ಗ್ರಾಂ ನೀರಿಗೆ ಎಷ್ಟೆಂದು ಲೆಕ್ಕ ಹಾಕಬೇಕು. ಮತ್ತೆ ಕಾಯಿಸಿ ತೂಗಿದಾಗಲೂ ಅದೇ ತೂಕ ಬಂದರೆ ಮಾತ್ರ ಉಪ್ಪು ಪೂರ್ತಿ ಒಣಗಿದೆಯೆಂದು ಅರ್ಥ. ಲೆಕ್ಕ ಸರಿ ಬಂದವರಿಗೆ ತುಮಕೂರಿನ ವಿಜ್ಞಾನ ಸ್ಪರ್ಧೆ.

ಲೋಹಿತಾ ಹಸಿ ತಟ್ಟೆಯನ್ನು ಒಮ್ಮೆ ತೂಗಿ, ಪುಸ್ತಕದಲ್ಲಿದ್ದ ಮೂವತ್ತಾರನ್ನೇ ಬರೆದು ಮನೆಗೆ ಓಡಿದ್ದಳು. ಚಿಕ್ಕನರಸಯ್ಯನ ಮಗಳು ಸುನಿತಾ ಮಾತ್ರ ಬಸ್ಸು ತಪ್ಪಿದರೂ ತೂಗುತ್ತ ಕೂತಳು. ಅವಳಿಗೆ ಬಂದದ್ದು ಮೂವತ್ತನಾಲ್ಕು. ತುಮಕೂರಿಗೆ ಲೋಹಿತಾ ಹೋದಳು.

*

ಸುನಿತಾ ಈಗ ಶಿರಾದಲ್ಲಿ ಸ್ಕೂಲ್ ಮೇಡಂ. ಬಸ್ಸಿಳಿದವಳು ಹೊಲದ ಬದುವಿನ ಮೇಲೆ ನಡೆದು ಬಂದು ಲೋಹಿತಾಳ ಪಕ್ಕ ನಿಂತಳು.

“ಆವತ್ತು ನಾನು ಎರಡನೇ ಸಲ ತೂಗ್ಲೇ ಇಲ್ಲ ಕಣೇ,” ಎಂದಳು ಲೋಹಿತಾ, ಗುಂಡಿಯನ್ನೇ ನೋಡುತ್ತ.

“ಗೊತ್ತು. ನೀನು ಹೋದ್ಮೇಲೆ ನಿನ್ ತಟ್ಟೇನ ಮೇಷ್ಟ್ರೇ ಕಾಯ್ಸಿ ತೂಗಿದ್ರು. ಎಷ್ಟು ಬಂತು ಅಂತ ಹೇಳ್ಲಿಲ್ಲ. ಆಮೇಲೆ ನನ್ನನ್ನ ಅವ್ರ ಸೈಕಲ್‌ ಮೇಲೆ ಕೂರಿಸ್ಕೊಂಡು ನಮ್ಮೂರ್ಗಂಟ ಬುಟ್ಟೋದ್ರು.”

ಉಪ್ಪು ಮೇಷ್ಟ್ರ ಗಲ್ಲಕ್ಕೆ ಬಂದಿತ್ತು. ಬೇಕಾದವರು ಒಂದೊಂದು ಹಿಡಿ ಹಾಕಿ ಎಂದರು ವಿಧಿ ಮಾಡಿಸುತ್ತಿದ್ದ ಅಯ್ಯನೋರು. ಸುನಿತಾ ಬಗ್ಗಿ ಹಾಕಿದಳು. ಅವಳ ಕೈ ಬರಿದಾಯಿತು.

ಲೋಹಿತಾ ಉಪ್ಪು ಹಿಡಿದು ಬಿಗಿದ ಮುಷ್ಟಿಯನ್ನು ಬಹಳ ಹೊತ್ತು ತೆರೆಯಲಿಲ್ಲ. ತೆರೆದಾಗ ಒಂದಿಷ್ಟು ಉಪ್ಪು ಉದುರಿತು. ಬೆವೆತ ಅಂಗೈಗೆ ಹತ್ತಿದ ಹರಳುಗಳು ಅಲ್ಲೇ ಉಳಿದವು. ಕೊಡವಿದಳು. ಬೀಳಲಿಲ್ಲ. ಎರಡನೇ ಸಲ ಕೊಡವಿದಳು.