ತುಂಬಿದ ಕಾರು

ಟಿಕ್ ಟಿಕ್ ಅಂತ ಹಸಿರು ಬಾಣ ಎಡಕ್ಕೆ ಮಿಟುಕುತ್ತಿದೆ, ಆಫೀಸಿಗೆ ನೇರ ಹೋಗಬೇಕಲ್ಲ, ಓ ಆರಿತು, ಕಾರು ಓಡಿಸುತ್ತಿರುವ ಆಫೀಸಿನ ಟೆಲಿಫೋನ್ ಅಕ್ಕ ಕನ್ನಡಿಯಲ್ಲಿ ಹಿಂದಿನ ಸೀಟನ್ನೊಮ್ಮೆ ನೋಡಿ ತಾನೇ ಆರಿಸಿದಳು — ಹಿಂದೆ ಸ್ಟೋರಿನ ಮಾವ, ಅವರ ಪಕ್ಕ ಟೈಪಿಸ್ಟ್, ಮುಂದೆ ನಾನು, ನಾಲ್ಕು ಜನಕ್ಕೊಂದು ಕಾರು, ನನ್ನದೇ ಪಟ್ಟಿ, ಗೋಡೆಯ ಮೇಲೆ ನನ್ನದೇ ಚಾರ್ಟು, ಒಬ್ಬೊಬ್ಬರೇ ಕಾರಿನಲ್ಲಿ ಬರಬೇಡಿ ಅಂತ ನಲವತ್ತು ಜನರ ಬೆನ್ನು ಹತ್ತಿದವಳು ನಾನು, ಒಪ್ಪಿದ ಮೂವತ್ತೊಂಬತ್ತು ಹೆಸರಿಗೆ ನಕ್ಷತ್ರ ಅಂಟಿಸಿ ಇವಳೊಬ್ಬಳೇ ಉಳಿದಾಗ ವಾರವಿಡೀ ಗೋಗರೆದಿದ್ದೆ, ಅಕ್ಕಾ ನಿನ್ನದೊಂದೇ ಖಾಲಿ, ಸಾಹೇಬರು ದಿನಾ ಕೇಳ್ತಾರೆ, ಆಯ್ತು ಬಿಡೇ ನಿನ್ನ ಕಾಟ ತಡೆಯೋಕಾಗಲ್ಲ ಅಂದಿದ್ದಳು, ಇಷ್ಟು ದಿನ ಯಾಕೆ ಒಲ್ಲೆ ಅಂದಳೋ ನಾನು ಕೇಳಲೇ ಇಲ್ಲ, ಈಗ ಕೆಂಪು ದೀಪದಲ್ಲಿ ಕೇಳುತ್ತಿದ್ದೇನೆ, ಎಡಕ್ಕೆ ಏನಿದೆ ಅಕ್ಕಾ, ಏನಿಲ್ಲ ಕಣೇ, ಕೈಗೆ ರೂಢಿ, ಮಗಳ ಸ್ಕೂಲು, ಅವಳು ಅವರಪ್ಪನ ಹತ್ರ ಇರೋದಲ್ವಾ, ನನಗೆ ಭಾನುವಾರ ಮಾತ್ರ, ದಿನಾ ಗೇಟಿನ ಮುಂದೆ ನಿಧಾನ ಮಾಡ್ತೀನಿ, ನಿಂತಿರ್ತಾಳೆ, ಅಷ್ಟೆ. ಅಷ್ಟೆಯಂತೆ. ಅಜ್ಜಿಯ ಕಥೆಯ ರಾಕ್ಷಸನ ಜೀವ ಏಳು ಸಮುದ್ರದಾಚೆ ಗಿಳಿಯೊಳಗಿತ್ತು, ಆ ಗಿಳಿಗೆ ಕಾಳು ಯಾರು ಹಾಕ್ತಾರಜ್ಜಿ ಅಂತ ತೋಳು ಹಿಡಿದು ಜಗ್ಗುತ್ತಿದ್ದೆ, ಮೊದಲು ಕಥೆ ಕೇಳೇ ಬಾಯಿಬಡಕಿ — ಇವಳ ಜೀವ ಇಲ್ಲೇ ಇದೆ, ಎಡಕ್ಕೆ ಮೂರು ನಿಮಿಷ, ಅದಕ್ಕೆ ಅಡ್ಡ ಕೂತವಳು ನಾನು.

ತಿರುಗಿಸಕ್ಕಾ, ಲೇಟಾಗತ್ತೆ ಕಣೇ, ಆಗಲಿ ತಿರುಗಿಸು, ಏನ್ರಮ್ಮಾ ಊರು ಸುತ್ತಿಸ್ತೀರಾ, ಮೊದಲೇ ಹೇಳಿದ್ರೆ ತಿಂಡಿ ಕಟ್ಟಿಸ್ಕೊಂಡು ಬರ್ತಿದ್ದೆ, ಸ್ಟೋರಿನ ಮಾವ ತಮ್ಮ ಮಾತಿಗೆ ತಾವೇ ನಗುತ್ತಾರೆ, ಟೈಪಿಸ್ಟ್ ಗಡಿಯಾರ ನೋಡಿಕೊಳ್ಳುತ್ತಾಳೆ, ಉದ್ದನೆಯ ಕಾಂಪೌಂಡು, ನೀಲಿ ಗೇಟು, ಕಾರು ಆಮೆಯಂತಾಯಿತು, ಅಗೋ ಎರಡು ಜಡೆ, ಬೆನ್ನಿಗಿಂತ ದೊಡ್ಡ ಚೀಲ, ಕಾರನ್ನು ದೂರದಿಂದಲೇ ಗುರುತು ಹಿಡಿದು ಮುಖ ಅರಳಿ ಕೈ ಎತ್ತಿತು ಮಗು — ಎತ್ತುತ್ತಿತ್ತು, ಭುಜದ ತನಕ ಬಂದಿತ್ತು, ಆಗ ಅಮ್ಮನ ಪಕ್ಕದಲ್ಲಿ ಅದಕ್ಕೆ ನಾನು ಕಂಡೆ, ಹಿಂದೆ ಇನ್ನೆರಡು ತಲೆ ಕಂಡವು, ಕೈ ಅಲ್ಲೇ ನಿಂತಿತು. ಅಕ್ಕ ಗೇರ್ ಬದಲಿಸಿದಳು, ನಾಚಿಕೆ ಅದಕ್ಕೆ, ನಾಲ್ಕು ದಿನ ಹೋದ್ರೆ ಸರಿಹೋಗತ್ತೆ ಬಿಡು ಅಂದಳು, ನನ್ನ ಕಡೆ ತಿರುಗದೆ. ನಾಳೆಯಿಂದ ನಾನು ಬಸ್ಸು, ಮಾವನನ್ನೂ ಟೈಪಿಸ್ಟನ್ನೂ ಜೊತೆಗೇ ಎಳೆದುಕೊಂಡು ಹೋಗುತ್ತೇನೆ, ಸಾಹೇಬರು ಏನು ಬೇಕಾದರೂ ಅನ್ನಲಿ, ಮೂವತ್ತೊಂಬತ್ತು ಸಾಕು, ಇವಳು ಒಬ್ಬಳೇ ಬರಲಿ — ಆದರೆ ಮಗು ನಾಳೆ ಕೈ ಎತ್ತುವ ಮೊದಲು ಕಾರಿನೊಳಗೆ ಯಾರಿದ್ದಾರೆ ಅಂತ ನೋಡುತ್ತದಲ್ಲ, ನಾಡಿದ್ದೂ ನೋಡುತ್ತದಲ್ಲ, ಭುಜದ ಹತ್ತಿರವೇ ನಿಂತ ಕೈ, ಐದೂ ಬೆರಳು ಬಿಚ್ಚಿಕೊಂಡು, ಬೀಸದೆ, ಆ ಕೈ